ಪಾರಿವಾಳದ ಬೀದಿಯಲ್ಲಿ

ಹಂಗೇರಿಯ ರಾಜಧಾನಿ ಬುಡಾಪೆಸ್ಟ್‌ಗೆ ಹೋದವರು ಮೊದಲು ಡ್ಯಾನ್ಯೂಬ್ ನದಿಯ ದೋಣಿ ಹತ್ತುತ್ತಾರೆ. ನಾನು ಗಲಂಬ್ ಬೀದಿಯನ್ನು ಹುಡುಕಿಕೊಂಡು ಹೊರಟೆ. ಗಲಂಬ್ ಅಂದರೆ ಪಾರಿವಾಳ. ನದಿಗೆ ಹತ್ತಿರದ ಸಣ್ಣ ಬೀದಿ ಅದು. ಎತ್ತರದ ಹಳೆಯ ಮನೆಗಳು, ಭಾರವಾದ ಮರದ ಬಾಗಿಲುಗಳು.

1981ರಲ್ಲಿ ಇಲ್ಲಿನ ತಮ್ಮ ಮನೆಯ ಮೇಜಿನ ಮೇಲೆ ವಾಸ್ತುಶಿಲ್ಪಿ ಲಾಸ್ಲೋ ರಾಯ್ಕ್ ಸರ್ಕಾರ ಒಪ್ಪದ ಪುಸ್ತಕ, ಪತ್ರಿಕೆಗಳನ್ನು ಹರಡಿಟ್ಟರು. ಬೇಕಾದವರು ಬಂದು ಕೊಳ್ಳಬಹುದಿತ್ತು. ಪೊಲೀಸರಿಗೂ ಇದು ಗೊತ್ತಿತ್ತು. ರಾಯ್ಕ್ ಅವರ ತಂದೆಯ ಹೆಸರೂ ಲಾಸ್ಲೋ ರಾಯ್ಕ್. ಅವರು ಕಮ್ಯುನಿಸ್ಟ್ ಸರ್ಕಾರದಲ್ಲೇ ಮಂತ್ರಿಯಾಗಿದ್ದವರು. 1949ರಲ್ಲಿ ಅವರದೇ ಪಕ್ಷ ಸುಳ್ಳು ಮೊಕದ್ದಮೆ ಹೂಡಿ ಅವರನ್ನು ಗಲ್ಲಿಗೇರಿಸಿದಾಗ ಮಗ ಇನ್ನೂ ಹಸುಗೂಸು. ಅಂಥ ಮನೆಯ ಹುಡುಗ ಬೆಳೆದು ಬಾಗಿಲು ತೆರೆದು ಕೂತನಲ್ಲ ಎಂದು ಆ ಬೀದಿಯಲ್ಲಿ ನಿಂತು ನೆನೆದಾಗ ನನಗೆ ಗಂಟಲು ಕಟ್ಟಿತು.

ಇಂಥ ಪುಸ್ತಕಗಳನ್ನು ಗುಟ್ಟಾಗಿ ಅಚ್ಚು ಹಾಕುವ ವಿದ್ಯೆಯನ್ನು ಸರ್ಕಾರದ ವಿರೋಧಿ ಗಾಬೋರ್ ದೆಮ್ಸ್ಕಿ ಪೋಲೆಂಡಿನಿಂದ ಕಲಿತು ತಂದಿದ್ದರು. ಮರದ ಚೌಕಟ್ಟಿಗೆ ಬಟ್ಟೆ ಬಿಗಿಯಬೇಕು, ಅಡಿಗೆ ಸ್ಟೆನ್ಸಿಲ್ ಅಂಟಿಸಿ ಮೇಲಿಂದ ಶಾಯಿ ಎಳೆಯಬೇಕು. ಒಂದು ಸಲ ಎಳೆದರೆ ಒಂದು ಪುಟ. ನಮ್ಮ ಸೈಕ್ಲೋಸ್ಟೈಲ್ ಯಂತ್ರವೂ ಇದರ ಮುಂದೆ ಶ್ರೀಮಂತ. 1983ರಲ್ಲಿ ಪೊಲೀಸರು ದೆಮ್ಸ್ಕಿಯವರ ಕಾರು ತಡೆದು ಲಾಠಿಯಿಂದ ಬಡಿದರು, ಮೇಲೆ ಕೇಸನ್ನೂ ಅವರ ಮೇಲೆಯೇ ಹಾಕಿದರು. 1990ರಲ್ಲಿ ಅದೇ ದೆಮ್ಸ್ಕಿ ಈ ನಗರದ ಮೇಯರ್ ಆದರು, ಇಪ್ಪತ್ತು ವರ್ಷ ಉಳಿದರು.

ದಾರ್ಶನಿಕ ಯಾನೋಶ್ ಕಿಶ್ ಮತ್ತು ಗೆಳೆಯರ ಗುಪ್ತ ಪತ್ರಿಕೆಯ ಹೆಸರು 'ಬೆಸೇಲೋ'. ಮಾತಾಡುವವನು ಎಂದು ಅರ್ಥ. ಜೈಲಿನಲ್ಲಿ ಕೈದಿಯನ್ನು ಕಾಣುವುದಕ್ಕೂ ಅಲ್ಲಿ ಅದೇ ಪದ. ಈ ಬಳಗದಿಂದಲೇ 1988ರ ನವೆಂಬರ್ 13ರಂದು 'ಸ್ವತಂತ್ರ ಪ್ರಜಾತಂತ್ರವಾದಿಗಳ ಒಕ್ಕೂಟ' ಎಂಬ ಉದಾರವಾದಿ ಪಕ್ಷ ಹುಟ್ಟಿತು. ಒಂದೇ ಪಕ್ಷದ ಆಳ್ವಿಕೆ ಇನ್ನೂ ನಡೆದೇ ಇತ್ತು. ಮರುವರ್ಷ ಸಹಿ ಸಂಗ್ರಹಿಸಿ ಜನಮತಗಣನೆ ಮಾಡಿಸಿದರು: ಸಂಸತ್ತಿನ ಚುನಾವಣೆ ಮೊದಲು, ರಾಷ್ಟ್ರಾಧ್ಯಕ್ಷರ ಆಯ್ಕೆ ಆಮೇಲೆ. ಸುಮಾರು 43 ಲಕ್ಷ ಮತಗಳಲ್ಲಿ ಗೆಲುವಿನ ಅಂತರ ಬರೀ 6,000ದ ಆಸುಪಾಸು. ಆ ಪಕ್ಷ ಈಗಿಲ್ಲ. 2010ರಲ್ಲಿ ಸಂಸತ್ತಿನಿಂದ ಹೊರಬಿದ್ದು 2013ರಲ್ಲಿ ವಿಸರ್ಜನೆಯಾಯಿತು. ನನಗೆ ಇದು ನಿಜವಾದ ನಷ್ಟ ಅನ್ನಿಸುತ್ತದೆ.

ಮಧ್ಯಾಹ್ನ ವೀರರ ಚೌಕಕ್ಕೆ ಹೋದೆ. ಸೋವಿಯತ್ ಹಿಡಿತದ ವಿರುದ್ಧ ಎದ್ದ 1956ರ ದಂಗೆಯ ಪ್ರಧಾನಿ ಇಮ್ರೆ ನೊಜ್ ಅವರನ್ನು 1958ರಲ್ಲಿ ನೇಣಿಗೇರಿಸಿದ್ದರು. ಆಮೇಲೆ ಶವವನ್ನು ಹೆಂಗಸಿನ ಹೆಸರು ಬರೆದು, ಬೋರಲಾಗಿ ಹೂಳಿದ್ದರು. 1989ರ ಜೂನ್ 16ರಂದು, ಮರ್ಯಾದೆಯಿಂದ ಮರಳಿ ಹೂಳುವ ಮುನ್ನ, ಈ ಚೌಕದಲ್ಲಿ ಅವರಿಗೆ ಗೌರವ ಸಲ್ಲಿಸಲು ಜನ ಕಿಕ್ಕಿರಿದರು. ಆ ದಿನದ ಅಲಂಕಾರ ರೂಪಿಸಿದವರಲ್ಲಿ ರಾಯ್ಕ್ ಒಬ್ಬರು. ನೊಜ್ ಮತ್ತು ಅವರ ಸಂಗಡಿಗರ ಐದು ಶವಪೆಟ್ಟಿಗೆಗಳ ಜೊತೆ ಆರನೆಯದೊಂದು ಖಾಲಿ ಪೆಟ್ಟಿಗೆ ಇತ್ತು, ಹೆಸರಿಲ್ಲದೆ ಸತ್ತವರಿಗಾಗಿ.

ಮರುದಿನ 28ನೇ ನಂಬರಿನ ಟ್ರಾಮ್ ಹಿಡಿದು ನೊಜ್ ಅವರ ಸಮಾಧಿಗೆ ಹೋದೆ. ಸ್ಮಶಾನದ ಬಾಗಿಲಲ್ಲಿ ಬಿಳಿ ಹೂವು ಕೊಂಡೆ. 301ನೇ ಭಾಗ ತೀರಾ ಒಳಗೆ, ನಡೆದಷ್ಟೂ ಮುಗಿಯದ ದಾರಿ. ಅಲ್ಲಿ ಸತ್ತವರ ಗುರುತಿಗೆ ಕೆತ್ತಿದ ಮರದ ಕಂಬಗಳು ಸಾಲಾಗಿ ನಿಂತಿವೆ. ಮಳೆಗೆ ಸೀಳಿದ ಕೆಲವಕ್ಕೆ ಕೆಂಪು, ಬಿಳಿ, ಹಸಿರು ರಿಬ್ಬನ್ ಕಟ್ಟಿದ್ದರು. ನೊಜ್ ಅವರ ಸಮಾಧಿಯ ಮೇಲೆ ಹೂವು ಸಾಕಷ್ಟಿತ್ತು. ನನ್ನದನ್ನು ಅಕ್ಷರ ಮಾಸಿಹೋದ ಒಂದು ಕಂಬದ ಬುಡದಲ್ಲಿಟ್ಟೆ.