ಮನಾಲಿಯಿಂದ ಲೇಹ್‌ಗೆ ಸೈಕಲ್‌ನಲ್ಲಿ: ತಂಡವಾಗಿ ಹೊರಡುವವರು ಮೊದಲೇ ಮಾಡಿಕೊಳ್ಳಬೇಕಾದ ತಯಾರಿ

ರೋಹ್ತಾಂಗ್ ಪಾಸ್ (ಬೆಟ್ಟಸಾಲನ್ನು ದಾಟುವ ಎತ್ತರದ ಜಾಗ) ಮೂಲಕ ಸಾಗುವ ಹಳೆಯ ದಾರಿಯಲ್ಲಿ ಮನಾಲಿಯಿಂದ ಲೇಹ್‌ಗೆ ಸುಮಾರು 475 ಕಿ.ಮೀ. ಆಗುತ್ತದೆ. ಬಯಲಿನಲ್ಲಿ ದಿನಕ್ಕೆ 100 ಕಿ.ಮೀ. ಸಲೀಸಾಗಿ ತುಳಿಯುವವರು ಈ ಅಂಕಿಯನ್ನು ನೋಡಿ ಐದು ದಿನಗಳ ಯೋಜನೆ ಹಾಕಿಕೊಳ್ಳುವುದುಂಟು. ಆದರೆ ಇಲ್ಲಿ ದೂರಕ್ಕಿಂತ ಮೊದಲು ಲೆಕ್ಕ ಹಾಕಬೇಕಾದದ್ದು ರಾತ್ರಿ ಮಲಗುವ ಜಾಗದ ಎತ್ತರವನ್ನು. ಅದನ್ನೂ ತಂಡದಲ್ಲಿ ಎಲ್ಲರಿಗಿಂತ ನಿಧಾನವಾಗಿ ಎತ್ತರಕ್ಕೆ ಒಗ್ಗುವವರನ್ನು ಗಮನದಲ್ಲಿಟ್ಟುಕೊಂಡೇ ಹಾಕಬೇಕು. ಕಾಲಿನ ಬಲಕ್ಕೂ ಒಗ್ಗುವ ವೇಗಕ್ಕೂ ಸಂಬಂಧವಿಲ್ಲದ ಕಾರಣ, ಆ ವ್ಯಕ್ತಿ ಯಾರೆಂಬುದು ಹೊರಡುವ ಮೊದಲು ತಿಳಿಯುವುದಿಲ್ಲ.

3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಜಾಗದಲ್ಲಿ ಇನ್ನೊಂದು ರಾತ್ರಿ ಕಳೆಯಬೇಕು ಎಂಬುದು ವೈದ್ಯರ ಸಾಮಾನ್ಯ ಸಲಹೆ. ದಾರಿಯಲ್ಲಿ ತಂಗಲು ಸಿಗುವ ಜಿಸ್ಪಾ ಸುಮಾರು 3,200 ಮೀಟರಿನಲ್ಲಿದೆ, ಸರ್ಚು ಸುಮಾರು 4,300 ಮೀಟರಿನಲ್ಲಿದೆ. ಇವೆರಡರ ನಡುವೆ 4,800 ಮೀಟರಿಗೂ ಎತ್ತರದ ಬಾರಾಲಾಚಾ ಪಾಸ್ ಇರುವುದರಿಂದ, ವಾಹನಗಳಂತೆ ಒಂದೇ ದಿನದಲ್ಲಿ ದಾಟಲು ಹೋದರೆ ತಂಡದಲ್ಲಿ ಒಬ್ಬರಾದರೂ ಎತ್ತರದಿಂದ ಕಾಯಿಲೆ ಬೀಳುವ ಸಾಧ್ಯತೆ ದೊಡ್ಡದು. ನಾವು ಜಿಸ್ಪಾದಲ್ಲಿ ಹೆಚ್ಚುವರಿ ದಿನ ಉಳಿದು, ಮುಂದೆ ಪತ್ಸಿಯೋ ಹಾಗೂ ಜಿಂಗ್‌ಜಿಂಗ್‌ಬಾರ್‌ಗಳಲ್ಲಿ ಒಂದೊಂದು ರಾತ್ರಿ ತಂಗಿದೆವು. ಮಧ್ಯಾಹ್ನವೇ ಡೇರೆ ಸೇರಿ ಸುಮ್ಮನೆ ಕೂರುವುದು ಹುರುಪಿನವರಿಗೆ ಬೇಸರ ತರಿಸುತ್ತದೆ. ಆ ಬೇಸರವನ್ನೂ ಯೋಜನೆಯ ಭಾಗವೆಂದೇ ಅವರಿಗೆ ಮೊದಲೇ ಹೇಳಿಡಬೇಕು.

ಸರ್ಚುವಿನಲ್ಲಿ ತೆಗೆದುಕೊಳ್ಳುವ ನಿರ್ಧಾರ ಇಡೀ ಪ್ರಯಾಣದಲ್ಲಿ ಮುಖ್ಯವಾದುದು. ಅಲ್ಲಿಂದ ಮುಂದೆ ಗಾಟಾ ಲೂಪ್ಸ್‌ನ 21 ತಿರುವುಗಳನ್ನು ಹತ್ತಿದ ಮೇಲೆ ನಕೀ ಲಾ (ಲಾ ಎಂದರೆ ಪಾಸ್), 5,000 ಮೀಟರ್ ಮೀರಿದ ಲಾಚುಲುಂಗ್ ಲಾ, ಪಾಂಗ್, ಮೋರೆ ಬಯಲು ಹಾಗೂ 5,328 ಮೀಟರಿನ ತಂಗ್‌ಲಾಂಗ್ ಲಾ ಒಂದರ ಹಿಂದೊಂದು ಬರುತ್ತವೆಯೇ ಹೊರತು, ಕಾಯಿಲೆಯವರನ್ನು ಬೇಗನೆ ಇಳಿಸಬಹುದಾದ ತಗ್ಗು ಎಲ್ಲೂ ಸಿಗುವುದಿಲ್ಲ. ಆದ್ದರಿಂದ ತಲೆನೋವಿನ ಜೊತೆ ವಾಂತಿ ಅಥವಾ ವಿಪರೀತ ಸುಸ್ತು ಇರುವವರು ಸರ್ಚು ಬಿಟ್ಟು ಮೇಲೆ ಹೋಗಲೇಬಾರದು. ನೇರ ಗೆರೆಯಲ್ಲಿ ನಡೆಯಲಾಗದೆ ತೂರಾಡಿದರೆ ಅಥವಾ ಕುಳಿತಲ್ಲೇ ಏದುಸಿರು ಬಂದರೆ ಬೆಳಗಾಗುವವರೆಗೂ ಕಾಯದೆ ವಾಹನದಲ್ಲಿ ಕೆಳಗೆ ಕರೆದೊಯ್ಯಬೇಕು. ತೊಂದರೆಯಾದವರೇ ‘ನನಗೇನೂ ಆಗಿಲ್ಲ’ ಎಂದು ಹಟ ಹಿಡಿಯುವುದರಿಂದ, ಅಂತಿಮ ಮಾತು ಯಾರದೆಂದು ಮನಾಲಿಯಲ್ಲೇ ತೀರ್ಮಾನವಾಗಿರಬೇಕು. ನಮ್ಮಲ್ಲಿ ಪ್ರತಿ ಸಂಜೆ ತಲೆನೋವು, ಹಸಿವು, ನಿದ್ದೆ ಇವುಗಳ ಬಗ್ಗೆ ಒಬ್ಬೊಬ್ಬರನ್ನೂ ಎಲ್ಲರೆದುರು ಕೇಳುವ ಕ್ರಮವಿತ್ತು. ಸರ್ಚುವಿನಲ್ಲಿ ಒಬ್ಬ ಗೆಳೆಯ ತಾನು ಚೆನ್ನಾಗಿದ್ದೇನೆ ಎಂದೇ ಉತ್ತರಿಸಿದ. ಆದರೆ ಅವನ ತಟ್ಟೆಯಲ್ಲಿ ಅನ್ನ ಹಾಗೇ ಆರಿ ಕುಳಿತಿತ್ತು, ಶೂ ಲೇಸ್ ಬಿಚ್ಚಲು ಎರಡು ಸಲ ನಿಂತು ಉಸಿರು ತೆಗೆದುಕೊಂಡ. ಮರುದಿನ ಇಡೀ ತಂಡ ಅಲ್ಲೇ ಉಳಿಯಿತು, ಅದರ ಮರುದಿನ ಅವನು ನಮ್ಮೊಂದಿಗೇ ಗಾಟಾ ಹತ್ತಿದ. ಎತ್ತರದ ಕಾಯಿಲೆ ತಡೆಯಲು ಬಳಸುವ ಅಸೆಟಜೋಲಮೈಡ್ ಮಾತ್ರೆಯನ್ನು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು. ಸಲ್ಫಾ ಔಷಧಿಗಳ ಅಲರ್ಜಿ ಇರುವವರು ಅದನ್ನು ತಪ್ಪದೆ ತಿಳಿಸಬೇಕು.

ಸೈಕಲ್‌ಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಬಿಗಿಯಾದುದು. ಬೆಲೆ ಎಷ್ಟಾದರೂ ಇರಲಿ, ತಂಡದವರೆಲ್ಲರ ಚಕ್ರದ ಅಳತೆ, ಟ್ಯೂಬಿನ ವಾಲ್ವ್ ಹಾಗೂ ಬ್ರೇಕ್ ಪ್ಯಾಡ್ ಸಾಧ್ಯವಾದಷ್ಟೂ ಒಂದೇ ಬಗೆಯವಾಗಿರಬೇಕು. ಆಗ ಒಂದೇ ಪೆಟ್ಟಿಗೆಯ ಬಿಡಿಭಾಗಗಳು ಎಲ್ಲರಿಗೂ ಸಾಕಾಗುತ್ತವೆ. ಹಿಂದಿನ ಗೇರ್ ಬದಲಿಸುವ ಸಾಧನವನ್ನು ಸೈಕಲ್ ಚೌಕಟ್ಟಿಗೆ ಹಿಡಿದಿಡುವ ಡಿರೇಲರ್ ಹ್ಯಾಂಗರ್ ಮಾತ್ರ ಪ್ರತಿ ಮಾದರಿಗೂ ಬೇರೆಯಾಗಿರುವುದರಿಂದ ಅದನ್ನು ಪ್ರತಿಯೊಬ್ಬರೂ ತಮ್ಮದೇ ತರಬೇಕು. ಅಂಗೈಯಲ್ಲಿ ಹಿಡಿಸುವ ಈ ತುಂಡು ಬಾಗಿದರೆ ಗೇರ್ ಸರಿಯಾಗಿ ಕೂರುವುದಿಲ್ಲ. ಮುರಿದರಂತೂ ಚೈನ್ ಕತ್ತರಿಸಿ ಒಂದೇ ಗೇರಿನಲ್ಲಿ ತುಳಿಯಬೇಕು, ಇಲ್ಲವೇ ವಾಹನ ಹತ್ತಬೇಕು. ಅತಿ ಕಡಿಮೆ ಗೇರಿನಲ್ಲಿ ಹಿಂದಿನ ಹಲ್ಲುಚಕ್ರವು ಮುಂದಿನದಕ್ಕಿಂತ ದೊಡ್ಡದಾಗಿರಲಿ. 5,000 ಮೀಟರಿನ ಹತ್ತಿರ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಂತ ತುಸುವೇ ಹೆಚ್ಚಿರುತ್ತದೆ, ಏರಿನಲ್ಲಿ ಗಂಟೆಗೆ ಐದಾರು ಕಿ.ಮೀ. ಸಾಗಿದರೂ ಅದು ಒಳ್ಳೆಯ ವೇಗವೇ. ಊರಿನಲ್ಲಿ ಅಭ್ಯಾಸ ಮಾಡುವಾಗ ಒಂದೇ ದಿನ ಬಹಳ ದೂರ ಹೋಗುವುದಕ್ಕಿಂತ, ಸಾಮಾನು ಹೇರಿಕೊಂಡು ಸತತ ಎರಡು ಮೂರು ದಿನ ಎಲ್ಲರೂ ಒಟ್ಟಿಗೆ ಏರುದಾರಿ ತುಳಿಯುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ರಸ್ತೆಯ ಮೇಲೆ ಎಲ್ಲರೂ ಅಂಟಿಕೊಂಡು ಸಾಗುವ ಅಗತ್ಯವಿಲ್ಲ. ಅವರವರ ವೇಗದಲ್ಲಿ ಹೋಗಿ, ಗೊತ್ತುಮಾಡಿದ ಜಾಗದಲ್ಲಿ ಕಾದರೆ ಸಾಕು. ಆದರೆ ಉಪಕರಣ ಮತ್ತು ಔಷಧಿ ಇರುವ ಒಬ್ಬ ಅನುಭವಿ ಯಾವಾಗಲೂ ಕೊನೆಯವರ ಹಿಂದೆಯೇ ಇರಬೇಕು. ಬಿಸಿಲೇರಿದಂತೆ ಹಿಮ ಕರಗಿ ರಸ್ತೆಗೆ ಅಡ್ಡ ಹರಿಯುವ ತೊರೆಗಳು ಉಕ್ಕುವುದರಿಂದ, ನಸುಕಿನಲ್ಲೇ ಹೊರಟು ಮಧ್ಯಾಹ್ನದೊಳಗೆ ಅವುಗಳನ್ನು ದಾಟಬೇಕು. 2020ರಲ್ಲಿ ರೋಹ್ತಾಂಗ್ ಅಡಿಯಲ್ಲಿ ಅಟಲ್ ಸುರಂಗ ತೆರೆದ ಮೇಲೆ ಬಹುಪಾಲು ವಾಹನಗಳು ಅದರೊಳಗೇ ಹೋಗುವ ಕಾರಣ ರೋಹ್ತಾಂಗ್ ದಾಟಿ ಕೋಕ್‌ಸರ್‌ಗೆ ಇಳಿಯುವ ದಾರಿ ಸೈಕಲ್ಲಿಗರಿಗೆ ನಿರಾಳವಾಗಿದೆ. ಜೊತೆಗೆ ಬರುವ ವಾಹನಕ್ಕೆ ಮಾತ್ರ ಪರವಾನಗಿ ಮಾಡಿಸಿರಬೇಕು. ಜುಲೈ, ಆಗಸ್ಟ್‌ಗಳಲ್ಲಿ ಮನಾಲಿಯ ಕಡೆ ಮಳೆ ಮತ್ತು ಭೂಕುಸಿತ ಹೆಚ್ಚು. ಸೆಪ್ಟೆಂಬರ್‌ನಲ್ಲಿ ಆಕಾಶ ತಿಳಿಯಾದರೂ ರಾತ್ರಿಯ ಚಳಿ ಕಠಿಣ. ಹೊರ ರಾಜ್ಯಗಳ ಪ್ರೀಪೇಯ್ಡ್ ಸಿಮ್ ಲಡಾಖ್‌ನಲ್ಲಿ ಕೆಲಸ ಮಾಡುವುದಿಲ್ಲವಾದ್ದರಿಂದ ತಂಡದಲ್ಲಿ ಕೆಲವರ ಬಳಿಯಾದರೂ ಪೋಸ್ಟ್‌ಪೇಯ್ಡ್ ಇರಲಿ, ನಗದು ಹಣವೂ ಸಾಕಷ್ಟಿರಲಿ.

ಲೇಹ್‌ನಿಂದ ವಿಮಾನದಲ್ಲಿ ಮರಳುವವರು ಸೈಕಲ್ ಬಿಚ್ಚಿ ಕಟ್ಟಲು ಒಂದು ಪೂರ್ತಿ ದಿನ ಮೀಸಲಿಡಬೇಕು. ಎಡಗಡೆಯ ಪೆಡಲ್‌ನ ತಿರುಪು ಉಲ್ಟಾ ಇರುತ್ತದೆಂಬುದನ್ನು ಮರೆತು ಬಲವಾಗಿ ತಿರುಗಿಸಿದರೆ ಅದು ಇನ್ನಷ್ಟು ಬಿಗಿಯಾಗುತ್ತದೆ. ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಇದ್ದರೆ ಚಕ್ರ ಕಳಚಿದ ಕೂಡಲೇ ಪ್ಯಾಡ್‌ಗಳ ನಡುವೆ ದಪ್ಪ ರಟ್ಟಿನ ತುಂಡೊಂದನ್ನು ಸಿಕ್ಕಿಸಬೇಕು, ಏಕೆಂದರೆ ಪ್ರಯಾಣದಲ್ಲಿ ಲಿವರ್ ಅದುಮಿಹೋದರೆ ಪ್ಯಾಡ್‌ಗಳು ಒಂದಕ್ಕೊಂದು ಕಚ್ಚಿಕೊಂಡು, ಮತ್ತೆ ಚಕ್ರ ಸೇರಿಸುವುದು ಕಷ್ಟವಾಗುತ್ತದೆ. ಪವರ್ ಬ್ಯಾಂಕುಗಳನ್ನು ಸೈಕಲ್ ಪೆಟ್ಟಿಗೆಯಲ್ಲಿಡದೆ ಕೈಚೀಲದಲ್ಲೇ ಒಯ್ಯಬೇಕು.