ಕಣಗಳು ಅವೇ, ಲೆಕ್ಕ ಮಾತ್ರ ಬೇರೆ

ಚಿನ್ನದೊಳಗಿನ ಎಲೆಕ್ಟ್ರಾನಿಗೂ ಆಮ್ಲಜನಕದೊಳಗಿನ ಎಲೆಕ್ಟ್ರಾನಿಗೂ ಏನೂ ವ್ಯತ್ಯಾಸ ಇಲ್ಲ. ಎರಡನ್ನೂ ಹೊರಗೆ ತೆಗೆದು ಪಕ್ಕದಲ್ಲಿಟ್ಟರೆ ಯಾವುದು ಎಲ್ಲಿಂದ ಬಂತು ಅಂತ ಯಾರೂ ಹೇಳಲಾರರು. ಪ್ರೋಟಾನ್, ನ್ಯೂಟ್ರಾನ್‌ಗಳೂ ಹಾಗೇ. ಬದಲಾಗುವುದು ಎಷ್ಟಿವೆ ಅನ್ನೋದು ಮಾತ್ರ. ಚಿನ್ನದಲ್ಲಿ 79 ಪ್ರೋಟಾನ್, ಪಾದರಸದಲ್ಲಿ 80. ಒಂದೇ ಒಂದು ಜಾಸ್ತಿ, ಅಷ್ಟಕ್ಕೇ ಗಟ್ಟಿ ಲೋಹದ ಪಕ್ಕದ ಮನೆಯಲ್ಲಿ ಹರಿದಾಡುವ ಲೋಹ!

ಪರಮಾಣುಗಳನ್ನು ಹೋಲಿಸುವಾಗ ಎಲ್ಲರೂ ಪ್ರೋಟಾನ್ ಎಣಿಸಿ ಸುಮ್ಮನಾಗುತ್ತಾರೆ. ನನ್ನ ಪ್ರಕಾರ ಮಜಾ ಇರುವುದು ನ್ಯೂಟ್ರಾನ್‌ನಲ್ಲಿ.

ಕಾರ್ಬನ್-14 ಮತ್ತು ನೈಟ್ರೋಜನ್-14 ನೋಡಿ. ಎರಡರ ನ್ಯೂಕ್ಲಿಯಸ್‌ನಲ್ಲೂ, ಅಂದರೆ ಪರಮಾಣುವಿನ ನಡುವಿನ ತಿರುಳಿನಲ್ಲೂ, ಒಟ್ಟು 14 ಕಣ, ತೂಕವೂ ಹೆಚ್ಚುಕಮ್ಮಿ ಒಂದೇ. ಆದರೆ ಕಾರ್ಬನ್‌ನಲ್ಲಿ 6 ಪ್ರೋಟಾನ್, 8 ನ್ಯೂಟ್ರಾನ್. ನೈಟ್ರೋಜನ್‌ನಲ್ಲಿ 7, 7. ಈ ಕಾರ್ಬನ್‌ನ ಒಂದು ನ್ಯೂಟ್ರಾನ್ ಯಾವಾಗಲೋ ಒಂದು ಎಲೆಕ್ಟ್ರಾನನ್ನೂ ಆಂಟಿನ್ಯೂಟ್ರಿನೋ ಅನ್ನೋ ಇನ್ನೊಂದು ಪುಟ್ಟ ಕಣವನ್ನೂ ಹೊರಗೆಸೆದು ತಾನು ಪ್ರೋಟಾನ್ ಆಗಿಬಿಡುತ್ತದೆ, ಆಗ ಅದು ಕಾರ್ಬನ್ ಅಲ್ಲ, ನೈಟ್ರೋಜನ್. ಇಟ್ಟ ಕಾರ್ಬನ್-14ರಲ್ಲಿ ಅರ್ಧ ಹೀಗೆ ಬದಲಾಗಲು ಸುಮಾರು 5,730 ವರ್ಷ ಬೇಕು. ಹಳೇ ಮೂಳೆ, ಮರದ ವಯಸ್ಸು ಹೇಳುವುದು ಇದೇ ಲೆಕ್ಕದಿಂದ.

ಅದೇ ನ್ಯೂಟ್ರಾನನ್ನು ನ್ಯೂಕ್ಲಿಯಸ್‌ನಿಂದ ಹೊರಗೆ ಒಂಟಿಯಾಗಿ ಬಿಟ್ಟರೆ? ಸರಾಸರಿ 15 ನಿಮಿಷದೊಳಗೆ ಒಡೆದುಹೋಗುತ್ತದೆ. ಕಾರ್ಬನ್-12ರೊಳಗಿದ್ದರೆ ಅದಕ್ಕೆ ಸಾವೇ ಇಲ್ಲ. ಕಣ ಅದೇ, ಆಯಸ್ಸು ಮಾತ್ರ ಯಾರ ಜೊತೆ ಇದೆ ಅನ್ನೋದರ ಮೇಲೆ.

ಇನ್ನೊಂದು ಜೋಡಿ ಆರ್ಗಾನ್, ಪೊಟ್ಯಾಷಿಯಂ. ಆರ್ಗಾನ್‌ಗೆ 18 ಪ್ರೋಟಾನ್, ಪೊಟ್ಯಾಷಿಯಂಗೆ 19. ಪೊಟ್ಯಾಷಿಯಂ ಭಾರ ಇರಬೇಕಿತ್ತು, ಅಲ್ವಾ? ಇಲ್ಲ, ಆರ್ಗಾನೇ ಭಾರ. ಸಾಮಾನ್ಯ ಆರ್ಗಾನ್‌ನಲ್ಲಿ 22 ನ್ಯೂಟ್ರಾನ್, ಸಾಮಾನ್ಯ ಪೊಟ್ಯಾಷಿಯಂನಲ್ಲಿ 20. ಆವರ್ತ ಕೋಷ್ಟಕದಲ್ಲಿ ಧಾತುಗಳನ್ನು ತೂಕ ನೋಡಿ ಜೋಡಿಸಿದರೆ ಯಾರ ಜೊತೆಗೂ ಸೇರದ ಆರ್ಗಾನ್ ಹೋಗಿ ಸೋಡಿಯಂನ ಕಂಬಸಾಲಿನಲ್ಲಿ ಕೂರುತ್ತದೆ. 1913ರಲ್ಲಿ ಇಂಗ್ಲೆಂಡಿನ ಭೌತವಿಜ್ಞಾನಿ ಹೆನ್ರಿ ಮೋಸ್ಲಿ ಎಕ್ಸ್-ಕಿರಣ ಅಳೆದು, ಧಾತುಗಳನ್ನು ಜೋಡಿಸಬೇಕಾದ್ದು ತೂಕದಿಂದಲ್ಲ, ನ್ಯೂಕ್ಲಿಯಸ್‌ನ ವಿದ್ಯುದಂಶದಿಂದ, ಅಂದರೆ ಪ್ರೋಟಾನ್ ಎಣಿಕೆಯಿಂದ ಎಂದು ತೋರಿಸಿದ ಮೇಲೆ ಈ ಗೊಂದಲಕ್ಕೆ ಉತ್ತರ ಸಿಕ್ಕಿತು.

ಆರ್ಗಾನ್‌ಗೆ ಆ ಭಾರ ಬಂದದ್ದು ಎಲ್ಲಿಂದ ಗೊತ್ತಾ? ಪೊಟ್ಯಾಷಿಯಂನಿಂದಲೇ! ನೆಲದೊಳಗಿನ ಪೊಟ್ಯಾಷಿಯಂ-40 ಪರಮಾಣುಗಳಲ್ಲಿ ಕೆಲವು ತಮ್ಮದೇ ಎಲೆಕ್ಟ್ರಾನನ್ನು ಒಳಗೆಳೆದುಕೊಳ್ಳುತ್ತವೆ. ಆಗ ಒಂದು ಪ್ರೋಟಾನ್ ನ್ಯೂಟ್ರಾನ್ ಆಗಿ, ಪರಮಾಣು ಆರ್ಗಾನ್-40 ಆಗುತ್ತದೆ. ಇವತ್ತು ಗಾಳಿಯಲ್ಲಿರುವ ಆರ್ಗಾನ್ ಹೆಚ್ಚುಕಮ್ಮಿ ಎಲ್ಲವೂ ಹೀಗೆ ಹುಟ್ಟಿದ್ದೇ.