ಆನೆಗೊಂದಿ ಬಾಳೆ, ಬೆಂಗಳೂರು ಬಿಯರ್

ಗಂಗಾವತಿಯಿಂದ ರಾತ್ರಿ ಬಸ್ ಹತ್ತಿ ಬೆಂಗಳೂರಿಗೆ ಹೋಗಿದ್ದು ಕ್ರಾಫ್ಟ್ ಬಿಯರ್, ಅಂದ್ರೆ ಸಣ್ಣ ತಯಾರಕರ ಬಿಯರ್ ಹಬ್ಬಕ್ಕೆ ಅಂತ ಮನೇಲಿ ಹೇಳಿರಲಿಲ್ಲ. ಸುಮ್ನೆ ಕೆಲಸ ಇದೆ ಅಂದಿದ್ದೆ. ಜೊತೆಗೆ ಆನೆಗೊಂದಿಯ ದೋಸ್ತ. ಅವನದು ಎರಡು ಎಕರೆ ಬಾಳೆ ತೋಟ.

ಟೋಕನ್ ತಗೊಂಡು ಒಳಗೆ ಹೋದೆವು. ಗ್ಲಾಸ್ ನೋಡಿ ದೋಸ್ತನ ಮುಖ ಸಣ್ಣದಾಯಿತು. ನಮ್ಮೂರ ಚಹಾ ಲೋಟಕ್ಕಿಂತ ತುಸು ದೊಡ್ಡದು, ಅಷ್ಟೇ.

ಮೊದಲು ಹಿಡಿದಿದ್ದು ಹೆಫೆವೈಜೆನ್, ಜರ್ಮನಿಯ ಗೋಧಿ ಬಿಯರ್. ಸೋಸಿರುವುದಿಲ್ಲ, ಅದಕ್ಕೇ ಮಬ್ಬು ಮಬ್ಬು. ದೋಸ್ತ ಅದನ್ನು ಮೂಗಿನ ಹತ್ತಿರ ಹಿಡಿದು ನಿಂತೇಬಿಟ್ಟ. "ಇದಕ್ಕ ಬಾಳೆಹಣ್ಣು ಹಾಕೀರೇನ್ರಿ?"

ಕೌಂಟರಿನ ಹುಡುಗ ನಕ್ಕ. ಹಣ್ಣೂ ಇಲ್ಲ, ಲವಂಗವೂ ಇಲ್ಲ, ಎರಡೂ ವಾಸನೆ ಯೀಸ್ಟ್‌ನಿಂದಲೇ ಬರುತ್ತೆ ಅಂದ. ಐಸೊಅಮೈಲ್ ಅಸಿಟೇಟ್ ಅಂತ ಒಂದು ರಾಸಾಯನಿಕ ಇದೆ. ಮಾಗಿದ ಬಾಳೆಹಣ್ಣಿನ ಘಮ ಅದರದ್ದೇ. ಹುಳಿ ಬರುವಾಗ ಯೀಸ್ಟ್ ಅದನ್ನೇ ಇಲ್ಲೂ ಮಾಡುತ್ತೆ. ದೋಸ್ತ ಮತ್ತೆ ಮೂಸಿದ. "ಸುಗಂಧಿ ಅಲ್ಲ, ಇದು ಪಚ್ಚಬಾಳೆ" ಅಂತ ತೀರ್ಪು ಕೊಟ್ಟ.

ಆಮೇಲೆ ಹಿಡಿದ ಐಪಿಎ, ಅಂದ್ರೆ ಇಂಡಿಯಾ ಪೇಲ್ ಏಲ್ ಅನ್ನೋ ಬಿಯರ್, ನನಗೆ ಒಗ್ಗಲಿಲ್ಲ. ಹಾಪ್ಸ್ ಹೂವಿನ ಕಹಿ ಹಾಗಲಕಾಯಿಯನ್ನೂ ಮೀರಿಸಿತು. ಸ್ಟೌಟ್ ಅನ್ನೋ ಕಪ್ಪು ಬಿಯರ್ ಪರವಾಗಿಲ್ಲ, ಕಪ್ಪಗೆ ಹುರಿದ ಬಾರ್ಲಿಯಿಂದ ಕಾಫಿಯ ಘಮ.

ಕೊನೆಯ ಟೋಕನ್‌ಗೆ ಅಕ್ಕಿ ಹಾಕಿದ ಲಾಗರ್ ಬಿಯರ್. ತಿಳಿ ಬಣ್ಣ, ಬಾಯಿಗೆ ಹಗುರ. ಭತ್ತದ ಸೀಮೆಯವರು ನಾವು, ಬಿಡ್ತೀವಾ? "ಸೋನಾ ಮಸೂರಿ ಏನ್ರಿ?" ಅಂದೆ. ಹುಡುಗನಿಗೆ ಗೊತ್ತಿರಲಿಲ್ಲ.

ಅಂಗಿ ಮೇಲೆ ಗೋಧಿ ಬಿಯರ್ ಸ್ವಲ್ಪ ಚೆಲ್ಲಿತ್ತು. ಮರುದಿನ ಅವ್ವ ಒಗೆಯಲು ಎತ್ತಿಕೊಂಡು ಮೂಸಿದಳು. "ಬಸ್ಸಿನ್ಯಾಗ ಬಾಳೆಹಣ್ಣಿನ ಮ್ಯಾಲ ಕುಂತಿದ್ಯೇನೋ?"